ಗುಂಡಿ ತುಂಬಿದ ಮೇಲೆ

ಪ್ರೌಢಶಾಲೆಯ ವಿಜ್ಞಾನ ಪುಸ್ತಕದಲ್ಲಿ ಜೀರ್ಣಾಂಗವ್ಯೂಹದ ಪಾಠ ಬಾಯಿಯಿಂದ ಆರಂಭವಾಗಿ ಗುದದ್ವಾರದಲ್ಲಿ ಮುಗಿಯುತ್ತದೆ. ಅಷ್ಟು ಹೊತ್ತಿಗೆ ಹುಡುಗರು ಮುಸಿಮುಸಿ ನಗುತ್ತಿರುತ್ತಾರೆ, ಹುಡುಗಿಯರು ಪುಸ್ತಕದಲ್ಲಿ ಮುಖ ಹುದುಗಿಸಿರುತ್ತಾರೆ, ಗಂಟೆಯೂ ಹೊಡೆಯುತ್ತದೆ. ಅಲ್ಲಿಂದ ಮುಂದೆ ಆ ವಸ್ತು ಎಲ್ಲಿಗೆ ಹೋಗುತ್ತದೆ ಎಂಬುದು ಆ ಪಾಠದಲ್ಲಿಲ್ಲ. ಇದನ್ನು ಓದುವವರಲ್ಲಿ ಬಹುಪಾಲು ಮಂದಿ ನನ್ನ ಹಳೆಯ ವಿದ್ಯಾರ್ಥಿಗಳು, ಉಳಿದವರು ನೆಂಟರು. ಊಟದ ಹೊತ್ತಿನಲ್ಲಿ ಓದಬೇಡಿ ಎಂಬ ಎಚ್ಚರಿಕೆಯೊಂದಿಗೆ, ಆ ಪಾಠದ ಉಳಿದ ಭಾಗವನ್ನು ಇಂದು ಬರೆಯುತ್ತಿದ್ದೇನೆ. "ಬರೆಯುವುದಕ್ಕೆ ನಿಮಗೆ ಬೇರೆ ವಿಷಯವೇ ಸಿಗಲಿಲ್ಲವೇ?" ಎಂದು ನಮ್ಮ ಮನೆಯವರು ಕೇಳಿಯಾಗಿದೆ. ಸಿಗದೆ ಏನು, ಕಾವೇರಿಯಿದೆ, ಕರಿಘಟ್ಟವಿದೆ, ಗಂಜಾಮಿನ ಅಂಜೂರವಿದೆ. ಅವುಗಳ ಬಗ್ಗೆ ಬರೆಯುವವರೂ ಬೇಕಾದಷ್ಟು ಜನರಿದ್ದಾರೆ.

ಕರಿಘಟ್ಟದ ಮೆಟ್ಟಿಲು ಹತ್ತಿ ಶ್ರೀನಿವಾಸನ ದರ್ಶನ ಮಾಡಿಕೊಂಡು ಹೊರಗೆ ಬಂದು ನಿಂತರೆ ಕಾಣುವ ನೋಟ ನಿಮಗೆಲ್ಲ ಗೊತ್ತು. ಅತ್ತ ಶ್ರೀರಂಗಪಟ್ಟಣದ ದ್ವೀಪ, ಗಂಜಾಂ. ಇತ್ತ ಕಬ್ಬು, ಭತ್ತ, ತೆಂಗು. ಕೆಳಗೆ ನಾಗಮಂಗಲದ ಕಡೆಯಿಂದ ಹರಿದುಬಂದು ಕಾವೇರಿಯನ್ನು ಸೇರುವ ಲೋಕಪಾವನಿ. ನಡುನಡುವೆ ಹೆಂಚಿನ ಮತ್ತು ಆರ್.ಸಿ.ಸಿ. ಮನೆಗಳ ಊರುಗಳು. ಆ ಒಂದೊಂದು ಮನೆಯ ಹಿಂದೆ, ಕಣ್ಣಿಗೆ ಕಾಣದಂತೆ, ಒಂದೊಂದು ಗುಂಡಿಯಿದೆ. 1960ರ ದಶಕದಲ್ಲಿ ನಾನು ಹುಡುಗನಾಗಿದ್ದಾಗ ಈ ಊರುಗಳಲ್ಲಿ ಕಕ್ಕಸು ಇದ್ದ ಮನೆಗಳನ್ನು ಬೆರಳಿನಲ್ಲಿ ಎಣಿಸಬಹುದಿತ್ತು. ಗಂಡಸರು ಚೊಂಬು ಹಿಡಿದು ನಾಲೆಯ ಏರಿಗೆ ಹೋಗುತ್ತಿದ್ದರು. ಹೆಂಗಸರು ಕತ್ತಲಾಗುವುದನ್ನು ಕಾದು ಬೇಲಿಯ ಸಾಲಿಗೆ. 1999ರಲ್ಲಿ ಸಂಪೂರ್ಣ ಸ್ವಚ್ಛತಾ ಆಂದೋಲನ ಬಂತು. 2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಅಭಿಯಾನ ಆರಂಭವಾಗಿ ಮನೆಗೊಂದು ಶೌಚಾಲಯಕ್ಕೆ 12,000 ರೂಪಾಯಿ ಪ್ರೋತ್ಸಾಹಧನ ದೊರೆಯಲಾರಂಭಿಸಿತು. ಗೋಡೆಗಳ ಮೇಲೆ ಘೋಷಣೆಗಳು ಮೂಡಿದವು. ಇದನ್ನು ನಾನು ಹಗುರವಾಗಿ ಹೇಳುತ್ತಿಲ್ಲ. ಶಾಲೆಯಲ್ಲಿ ಶೌಚಾಲಯವಿಲ್ಲದ ಕಾರಣಕ್ಕೆ ತಿಂಗಳಿಗೆ ನಾಲ್ಕು ದಿನ ತಪ್ಪಿಸಿಕೊಳ್ಳುತ್ತಿದ್ದ ಹೆಣ್ಣುಮಕ್ಕಳ ಹಾಜರಿ ಪುಸ್ತಕವನ್ನು ವರ್ಷಗಟ್ಟಲೆ ಬರೆದವನು ನಾನು. ಕಟ್ಟಿದ್ದು ಒಳ್ಳೆಯದೇ ಆಯಿತು. ಆದರೆ ಗುಂಡಿ ಎಂದ ಮೇಲೆ ಅದು ಒಂದು ದಿನ ತುಂಬಲೇಬೇಕಲ್ಲ! ತುಂಬಿದ ಮೇಲೆ ಏನು ಎಂಬುದನ್ನು ಯಾವ ಗೋಡೆಯ ಮೇಲೂ ಬರೆಯಲಿಲ್ಲ.

ಲೆಕ್ಕ ಕಷ್ಟದ್ದಲ್ಲ, ಎಂಟನೆಯ ತರಗತಿಯ ಲೆಕ್ಕ. ಒಬ್ಬ ಮನುಷ್ಯನಿಂದ ವರ್ಷಕ್ಕೆ ಗುಂಡಿಯಲ್ಲಿ ಉಳಿಯುವ ಕೆಸರು ಸುಮಾರು 40 ಲೀಟರ್ ಎಂದು ಇಂಜಿನಿಯರುಗಳು ಹಿಡಿಯುತ್ತಾರೆ. ನೀರು ಮಣ್ಣಿಗೆ ಇಂಗಿ, ಸೂಕ್ಷ್ಮಾಣುಗಳು ತಿಂದು ಉಳಿದದ್ದು ಇಷ್ಟು. ಐದು ಜನರ ಮನೆಗೆ ವರ್ಷಕ್ಕೆ 200 ಲೀಟರ್. ಮುನ್ನೂರು ಮನೆಗಳ ಊರಿಗೆ 60,000 ಲೀಟರ್. ಟ್ರ್ಯಾಕ್ಟರಿಗೆ ಕಟ್ಟುವ 3,000 ಲೀಟರಿನ ಟ್ಯಾಂಕರಿನಲ್ಲಿ ತುಂಬಿದರೆ ಇಪ್ಪತ್ತು ಲೋಡು. ಹೀರುವಾಗ ನೀರೂ ಜೊತೆಯಲ್ಲಿ ಬರುವುದರಿಂದ ನಿಜವಾಗಿ ಇನ್ನೂ ಹೆಚ್ಚು. ಬೆಟ್ಟದ ಮೇಲೆ ನಿಂತು ಕಾಣುವ ಊರುಗಳನ್ನೆಲ್ಲ ಎಣಿಸಿ ನೀವೇ ಗುಣಿಸಿಕೊಳ್ಳಿ.

ಇದಕ್ಕೆ ಒಂದು ಚೊಕ್ಕ ಪರಿಹಾರ ನಮ್ಮ ದೇಶದಲ್ಲಿ ಬಹಳ ಹಿಂದೆಯೇ ಸಿದ್ಧವಾಗಿದೆ. ಅದೇ ಜೋಡಿ ಗುಂಡಿಯ ಕಕ್ಕಸು. 1970ರಲ್ಲಿ ಬಿಹಾರದಲ್ಲಿ ಸುಲಭ್ ಸಂಸ್ಥೆಯನ್ನು ಕಟ್ಟಿದ ಬಿಂದೇಶ್ವರ ಪಾಠಕರು ಇದನ್ನು ದೇಶದ ತುಂಬ ಹರಡಿದರು. ಒಂದು ಮೀಟರ್ ಅಗಲ, ಒಂದು ಮೀಟರ್ ಆಳದ ಎರಡು ಗುಂಡಿ. ಒಳಗೋಡೆಗೆ ಜೇನುಗೂಡಿನಂತೆ ಸಂದಿ ಬಿಟ್ಟು ಕಟ್ಟಿದ ಇಟ್ಟಿಗೆ. ತಳಕ್ಕೆ ಬರಿಯ ಮಣ್ಣು. ಕಕ್ಕಸಿನಿಂದ ಬರುವ ಕೊಳವೆ 'ವೈ' ಆಕಾರದ ಒಂದು ಛೇಂಬರಿನಲ್ಲಿ ಕವಲೊಡೆಯುತ್ತದೆ. ಒಂದು ಕವಲಿಗೆ ಇಟ್ಟಿಗೆ ಇಟ್ಟು ಮುಚ್ಚಿದರೆ ಎಲ್ಲವೂ ಇನ್ನೊಂದು ಗುಂಡಿಗೆ ಹೋಗುತ್ತದೆ. ಐದು ಜನರ ಮನೆಯಲ್ಲಿ ಅದು ತುಂಬಲು ಮೂರರಿಂದ ನಾಲ್ಕು ವರ್ಷ ಬೇಕು. ತುಂಬಿದಾಗ ಇಟ್ಟಿಗೆಯನ್ನು ಈ ಕಡೆಯಿಂದ ತೆಗೆದು ಆ ಕಡೆ ಇಡುವುದು, ಅಷ್ಟೇ ಕೆಲಸ. ಎರಡನೆಯದು ತುಂಬುವುದರೊಳಗೆ ಮೊದಲನೆಯದು ಕಳಿತು ಗೊಬ್ಬರವಾಗಿರುತ್ತದೆ. ಕೇಂದ್ರ ಸರ್ಕಾರದ ಕುಡಿಯುವ ನೀರು ಮತ್ತು ನೈರ್ಮಲ್ಯ ಸಚಿವಾಲಯದ ಅಂದಿನ ಕಾರ್ಯದರ್ಶಿ ಪರಮೇಶ್ವರನ್ ಅಯ್ಯರ್ ಅವರು 2017ರ ಫೆಬ್ರವರಿಯಲ್ಲಿ ತೆಲಂಗಾಣದ ಗಂಗದೇವಿಪಲ್ಲಿಯಲ್ಲಿ ಇಂಥದೊಂದು ಗುಂಡಿಗೆ ತಾವೇ ಇಳಿದು ಗೊಬ್ಬರ ತೆಗೆದು ತೋರಿಸಿದರು. ಐ.ಎ.ಎಸ್. ಅಧಿಕಾರಿಯೊಬ್ಬರು ಕಕ್ಕಸಿನ ಗುಂಡಿಗೆ ಇಳಿದದ್ದು ಪತ್ರಿಕೆಗಳಿಗೆ ಸುದ್ದಿಯಾಯಿತು. ಆ ಗೊಬ್ಬರಕ್ಕೆ ವಾಸನೆಯಿರಲಿಲ್ಲ ಎಂಬುದು ನಿಜವಾದ ಸುದ್ದಿ. ಅದು ಅಷ್ಟಾಗಿ ಹರಡಲಿಲ್ಲ.

ನಮ್ಮ ಮನೆಯಲ್ಲಿ 2005ರಲ್ಲಿ ಜೋಡಿ ಗುಂಡಿಯನ್ನೇ ಮಾಡಿಸಿದೆ. ಮನೆಯಲ್ಲಿ ಜನ ಕಡಿಮೆಯಾದ್ದರಿಂದ ಮೊದಲ ಗುಂಡಿ ತುಂಬಲು ಆರು ವರ್ಷ ಹಿಡಿಯಿತು. 2011ರಲ್ಲಿ ಅದನ್ನು ಮುಚ್ಚಿ 2013ರ ಬೇಸಿಗೆಯಲ್ಲಿ ಚಪ್ಪಡಿ ಸರಿಸಿದೆವು. ಒಳಗಿದ್ದುದು ಕಾಫಿಪುಡಿಯ ಬಣ್ಣದ, ಹುಡಿಹುಡಿಯಾದ ಮಣ್ಣು. ಮೂಗಿನ ಹತ್ತಿರ ಹಿಡಿದರೆ ಮೊದಲ ಮಳೆ ಬಿದ್ದ ಹೊಲದ ವಾಸನೆ. ಮನೆಯವರು ಅದನ್ನು ಕರಿಬೇವಿನ ಗಿಡಕ್ಕೆ ಹಾಕಲು ಮಾತ್ರ ಬಿಡಲಿಲ್ಲ. ತೆಂಗಿನ ಮರಗಳಿಗೆ ಹಾಕಿದೆವು. ಆ ವರ್ಷದ ಕಾಯಿಗಳನ್ನು ಹೊಗಳಿ ತಿಂದ ನೆಂಟರು ಇದನ್ನು ಓದುತ್ತಿದ್ದರೆ, ಗೊಬ್ಬರದ ವಿಚಾರ ಈಗ ತಿಳಿದಂತಾಯಿತು.

ಆದರೆ ಊರಿನಲ್ಲಿ ಹೀಗೆ ಕಟ್ಟುವವರು ಬಹಳ ಕಡಿಮೆ. ಗಾರೆಯವರನ್ನು ಕೇಳಿದರೆ "ಎಲ್ಡ್ ಗುಂಡಿ ಯಾಕ್ ಸಾ, ಒಂದೇ ಹದಿನೈದಡಿ ಹೊಡ್ದುಬುಡನ, ನಿಮ್ ಕಾಲ್ದಲ್ಲಿ ತುಂಬಾಕಿಲ್ಲ" ಎನ್ನುತ್ತಾರೆ. ಸಿಮೆಂಟಿನ ರಿಂಗುಗಳನ್ನು ಒಂದರ ಮೇಲೊಂದು ಇಳಿಸಿ ಮೇಲೊಂದು ಚಪ್ಪಡಿ ಎಳೆದರೆ ಕೆಲಸ ಮುಗಿಯಿತು. ಇದನ್ನು ಎಲ್ಲರೂ ಸೆಪ್ಟಿಕ್ ಟ್ಯಾಂಕ್ ಎಂದೇ ಕರೆಯುತ್ತಾರೆ. ಸೆಪ್ಟಿಕ್ ಟ್ಯಾಂಕ್ ಎಂದರೆ ತಳ, ಗೋಡೆ ಎಲ್ಲವೂ ನೀರು ಸೋರದಂತೆ ಗಿಲಾಯಿ ಮಾಡಿದ, ಒಳಗೆ ಅಡ್ಡಗೋಡೆಯಿರುವ ತೊಟ್ಟಿ. ಅದನ್ನು ಎರಡು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕು. ನಮ್ಮದು ಬರೀ ಆಳದ ಗುಂಡಿ. ಗುಂಡಿಯ ತಳಕ್ಕೂ ನೆಲದೊಳಗಿನ ನೀರಿಗೂ ಕನಿಷ್ಠ ಎರಡು ಮೀಟರ್ ಅಂತರ ಇರಬೇಕು, ಬಾವಿಯಿಂದ ಹತ್ತು ಮೀಟರ್ ದೂರವಿರಬೇಕು ಎಂಬುದು ನಿಯಮ. ನಾಲೆಯ ಬಯಲಿನಲ್ಲಿ ಹದಿನೈದಡಿ ತೋಡಿದರೆ ಎಲ್ಲಿಯ ಎರಡು ಮೀಟರ್? ಕನ್ನಂಬಾಡಿ ಕಟ್ಟೆಯಿಂದ ನಾಲೆಗೆ ನೀರು ಬಿಟ್ಟು ಗದ್ದೆಗಳಲ್ಲಿ ನಾಟಿ ಆರಂಭವಾದರೆ ನಮ್ಮ ಕಡೆ ನೆಲದ ನೀರು ಮೇಲೇರುತ್ತದೆ. ಗುಂಡಿಯೊಳಕ್ಕೇ ನೀರು ಬರುತ್ತದೆ. ಒಳಗಿನದು ಹೊರಗಿನದಕ್ಕೆ ಬೆರೆಯುತ್ತದೆ. ಮಲಮೂತ್ರದ ಸಾರಜನಕ ಮಣ್ಣಿನಲ್ಲಿ ನೈಟ್ರೇಟ್ ಆಗಿ ನೀರಿಗೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ಮೀರಿದರೆ ಎಳೆಯ ಮಕ್ಕಳ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕುಂದಿ ಮೈ ನೀಲಿಗಟ್ಟುವ ಅಪಾಯವಿದೆ. ಕುದಿಸಿದರೆ ಹೋಗುವಂಥದ್ದಲ್ಲ ಇದು. ಕುದಿಸಿದಷ್ಟೂ ಸಾಂದ್ರತೆ ಹೆಚ್ಚುತ್ತದೆ.

ಗುಂಡಿ ತುಂಬಿದಾಗ ಕರೆಯುವುದು ಸಕ್ಕಿಂಗ್ ಗಾಡಿಯನ್ನು. ನಮ್ಮ ಕಡೆ ಆ ಗಾಡಿ ಓಡಿಸುವವರಲ್ಲಿ ಒಬ್ಬ ನನ್ನ ವಿದ್ಯಾರ್ಥಿ. ಹೆಸರು ಬೇಡ; ಅವನ ಜೊತೆಯಲ್ಲಿ ಓದಿದವರಿಗೆ ಗೊತ್ತಾಗುತ್ತದೆ. ಕೊನೆಯ ಬೆಂಚಿನಲ್ಲಿ ಕುಳಿತು, ಯಾವ ಪ್ರಶ್ನೆ ಕೇಳಿದರೂ ಕಿಟಕಿಯ ಹೊರಗೆ ನೋಡುತ್ತಿದ್ದ ಹುಡುಗ. ಹತ್ತನೆಯ ತರಗತಿಯಲ್ಲಿ ನಿರ್ವಾತದ ಪಾಠ ಅವನಿಗೆ ಹಿಡಿಸಿತ್ತೋ ಇಲ್ಲವೋ, ಈಗ ಅದೇ ಅವನಿಗೆ ಅನ್ನ ಕೊಡುತ್ತಿದೆ. ಟ್ರ್ಯಾಕ್ಟರಿನ ಶಕ್ತಿಯಿಂದ ಪಂಪು ತಿರುಗಿ ಟ್ಯಾಂಕಿನೊಳಗಿನ ಗಾಳಿಯನ್ನು ಎಳೆಯುತ್ತದೆ, ಹೊರಗಿನ ವಾಯುಭಾರ ಕೆಸರನ್ನು ದಪ್ಪ ಕೊಳವೆಯ ಮೂಲಕ ಮೇಲಕ್ಕೆ ತಳ್ಳುತ್ತದೆ. ಒಂದು ಲೋಡಿಗೆ ಎರಡು ಸಾವಿರ ರೂಪಾಯಿಯ ಆಸುಪಾಸು. 2021ರಲ್ಲಿ ಪಕ್ಕದ ಬೀದಿಯ ಮನೆಯೊಂದಕ್ಕೆ ಬಂದವನು ನನ್ನನ್ನು ಕಂಡು ಗಾಡಿಯಿಂದ ಇಳಿದು ನಮಸ್ಕಾರ ಹೇಳಿದ. ಹತ್ತಿರ ಬರಲಿಲ್ಲ, ದೂರದಲ್ಲೇ ನಿಂತ.

"ತುಂಬಿಕೊಂಡು ಎಲ್ಲಿಗೆ ಹಾಕುತ್ತೀಯಪ್ಪ?" ಎಂದು ಕೇಳಿದೆ.

ಅವನು ನಕ್ಕ. "ಅದೊಂದ್ ಕೇಳ್ಬ್ಯಾಡಿ ಸಾ. ಗದ್ದೆಗ್ ಹಾಕುದ್ರೆ ಪಕ್ಕದ್ ಗದ್ದೆಯೋರು ಬೈತಾರೆ. ಹಳ್ಳಕ್ ಬುಟ್ರೆ ಹಿಡ್ಕೊಂಡ್ ಹೊಡಿಯಾಕ್ ಬತ್ತಾರೆ. ಊರಾಚೆಗ್ ಹೋದ್ರೆ ಆ ಊರ್ನೋರು ಗಾಡಿ ತಡೀತಾರೆ. ಅದೇ ಜನ ತಮ್ ಮನೆ ಗುಂಡಿ ತುಂಬುದ್ರೆ ನಡುರಾತ್ರೀಲಿ ಫೋನ್ ಮಾಡ್ತಾರೆ, ಈಗ್ಲೇ ಬಾ ಅಂತಾರೆ. ನೀವೇ ಹೇಳಿ ಸಾ, ಎಲ್ಗ್ ಹಾಕನ?"

ಇಷ್ಟು ವರ್ಷಗಳಲ್ಲಿ ಅವನು ನನಗೆ ಕೇಳಿದ ಮೊದಲ ಪ್ರಶ್ನೆ ಇದು. ಉತ್ತರ ನನ್ನ ಬಳಿ ಇರಲಿಲ್ಲ. ತಾಲ್ಲೂಕಿನಲ್ಲಿ ಯಾರ ಬಳಿಯೂ ಇದ್ದಂತೆ ಕಾಣಲಿಲ್ಲ.

ಅಂದು ನಡೆದ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಗುಂಡಿಯ ಮೇಲಿನ ತೆಳುಭಾಗವನ್ನೆಲ್ಲ ಯಂತ್ರ ಹೀರಿತು. ತಳದಲ್ಲಿ ವರ್ಷಗಳಿಂದ ಕೂತ ಗಟ್ಟಿ ಕೆಸರು ಬರಲಿಲ್ಲ. "ಪೂರ್ತಿ ದುಡ್ಡು ಕೊಡುವುದು, ಪೂರ್ತಿ ತೆಗೆಸು, ನಿನ್ನ ಜೊತೆಯ ಹುಡುಗನನ್ನು ಇಳಿಸು" ಎಂದು ಮನೆಯ ಯಜಮಾನರು ಪಟ್ಟು ಹಿಡಿದರು. ಅವನು ಒಪ್ಪಲಿಲ್ಲ. ಮಾತಿಗೆ ಮಾತು ಬೆಳೆಯಿತು. ನಾನು ಮಧ್ಯೆ ಹೋಗಿ, ಆ ಗುಂಡಿಯೊಳಗೆ ಏನಿರುತ್ತದೆ ಎಂದು ವಿವರಿಸಿದೆ. ಮಲ ಕೊಳೆಯುವಾಗ ಮೀಥೇನ್ ಬರುತ್ತದೆ, ಹೈಡ್ರೋಜನ್ ಸಲ್ಫೈಡ್ ಬರುತ್ತದೆ. ಎರಡನೆಯದಕ್ಕೆ ಕೊಳೆತ ಮೊಟ್ಟೆಯ ವಾಸನೆ. ಸ್ವಲ್ಪ ಇದ್ದಾಗ ಮೂಗಿಗೆ ತಿಳಿಯುತ್ತದೆ. ಬಹಳ ಇದ್ದಾಗ ಮೂಗಿನ ನರವೇ ಮರಗಟ್ಟಿ ವಾಸನೆ ನಿಂತುಹೋಗುತ್ತದೆ. ವಾಸನೆ ಹೋಯಿತು, ಗಾಳಿ ತಿಳಿಯಾಯಿತು ಎಂದು ಇಳಿದವನು ಎರಡು ಉಸಿರಿಗೆ ಕುಸಿಯುತ್ತಾನೆ. ಅವನನ್ನು ಎತ್ತಲು ಇಳಿದವನೂ ಅಲ್ಲೇ ಬೀಳುತ್ತಾನೆ. ಇಂಥ ಸುದ್ದಿಗಳಲ್ಲಿ ಸತ್ತವರ ಸಂಖ್ಯೆ ಎಷ್ಟೋ ಸಲ ಎರಡು, ಮೂರು ಆಗಿರುವುದು ಇದರಿಂದಲೇ. ಯಜಮಾನರು ಸುಮ್ಮನಾದರು, ಆದರೆ ಐನೂರು ರೂಪಾಯಿ ಮುರಿದುಕೊಂಡೇ ಕೊಟ್ಟರು. ಗಟ್ಟಿ ಕೆಸರಿಗೆ ನೀರು ಹಾಯಿಸಿ ಉದ್ದನೆಯ ಬಿದಿರಿನಿಂದ ಮೇಲಿನಿಂದಲೇ ಕಲಕಿ ಮತ್ತೆ ಹೀರಬಹುದು. ಅದಕ್ಕೆ ಅರ್ಧ ಗಂಟೆ ಹೆಚ್ಚು ಬೇಕು, ಅಷ್ಟೇ. ಆ ಅರ್ಧ ಗಂಟೆಗೆ ಯಾರೂ ಬೆಲೆ ಕಟ್ಟುವುದಿಲ್ಲ.

ಕಾನೂನು ಅವನ ಕಡೆಗೇ ಇದೆ. ಅದರ ಹಿಂದೆ ದೊಡ್ಡ ಕಥೆಯೂ ಇದೆ. ನಾನು ಚಿಕ್ಕವನಿದ್ದಾಗ ಮೈಸೂರಿನ ನೆಂಟರ ಮನೆಯ ಹಿಂದೆ ಕನ್ಸರ್ವೆನ್ಸಿ ಗಲ್ಲಿ ಇತ್ತು. ಹಳೆಯ ಮನೆಗಳ ಕಕ್ಕಸಿನ ಹಿಂಬದಿಗೆ ಆ ಗಲ್ಲಿಯ ಕಡೆ ಒಂದು ಸಣ್ಣ ಕಿಂಡಿ. ಅಲ್ಲಿಂದ ಡಬ್ಬ ಎಳೆದು, ಬುಟ್ಟಿಗೆ ಸುರಿದುಕೊಂಡು, ತಲೆಯ ಮೇಲೆ ಹೊತ್ತು ಹೋಗುತ್ತಿದ್ದರು ಪೌರಕಾರ್ಮಿಕರು. ಮನೆಯ ಮುಂಬಾಗಿಲಿನಿಂದ ಅವರನ್ನು ಯಾರೂ ನೋಡುವಂತಿರಲಿಲ್ಲ, ಅವರೂ ನೋಡುವಂತಿರಲಿಲ್ಲ. ಗಲ್ಲಿ ಇದ್ದದ್ದೇ ಅದಕ್ಕಾಗಿ. 1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ರಾಜ್ಯದಲ್ಲಿ ನಿಷೇಧಿಸಿದರು. ಕನ್ನಡ ಸಾಹಿತ್ಯವನ್ನು 'ಬೂಸಾ' ಎಂದದ್ದಕ್ಕಾಗಿ ಅವರನ್ನು ಜನ ಇಂದಿಗೂ ನೆನೆಯುತ್ತಾರೆ. ಬುಟ್ಟಿಯನ್ನು ಇಳಿಸಿದ್ದಕ್ಕಾಗಿ ನೆನೆಯುವವರು ಕಡಿಮೆ. ಸಾಹಿತ್ಯಕ್ಕೆ ಅವರ ಮಾತಿನಿಂದ ಏನೂ ಆಗಲಿಲ್ಲ. ಬುಟ್ಟಿ ಇಳಿದದ್ದು ಮಾತ್ರ ಇಳಿಯಿತು.

ಪೂರ್ತಿ ಇಳಿಯಿತೆಂದೂ ಹೇಳುವಂತಿಲ್ಲ. 1993ರಲ್ಲಿ ಕೇಂದ್ರದ ಕಾಯ್ದೆ ಬಂತು. ಆದರೂ 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ತಲೆಮಾರುಗಳಿಂದ ಆ ಊರಿನ ಹೊಲಸನ್ನು ಹೊತ್ತವರಿಗೆ, ತಾವು ಇದ್ದ ಜಾಗವೂ ಕೈತಪ್ಪುವ ಸ್ಥಿತಿ ಬಂದಿತ್ತು. ಆ ಚಿತ್ರವನ್ನು ಪತ್ರಿಕೆಯಲ್ಲಿ ನೋಡಿದ ದಿನ ನಾನು ಶಾಲೆಯ ಸಿಬ್ಬಂದಿ ಕೊಠಡಿಯಲ್ಲಿದ್ದೆ. ಯಾರೂ ಮಾತನಾಡಲಿಲ್ಲ, ಒಬ್ಬರು ಪತ್ರಿಕೆಯನ್ನು ಮಡಿಸಿ ಇಟ್ಟರು. 2013ರ ಹೊಸ ಕಾಯ್ದೆ ಗುಂಡಿ, ಮ್ಯಾನ್‌ಹೋಲ್‌ಗಳಿಗೆ ರಕ್ಷಣಾ ಸಾಧನವಿಲ್ಲದೆ ಮನುಷ್ಯರನ್ನು ಇಳಿಸುವುದನ್ನೂ ಅಪರಾಧ ಮಾಡಿತು. ಹಾಗೆ ಇಳಿದು ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2014ರ ಮಾರ್ಚ್‌ನಲ್ಲಿ ಆದೇಶಿಸಿತು. 2023ರ ಅಕ್ಟೋಬರ್‌ನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪಕ್ಕದ ಬೀದಿಯ ಯಜಮಾನರಿಗೆ ನಾನು ಕೊನೆಗೆ ಹೇಳಿದ್ದು ಈ ಕಾಯ್ದೆಯ ಮಾತನ್ನೇ. ರಸಾಯನಶಾಸ್ತ್ರಕ್ಕಿಂತ ಅದು ಬೇಗ ಅರ್ಥವಾಯಿತು.

ನನ್ನ ವಿದ್ಯಾರ್ಥಿಗೆ ಮೂವತ್ತೈದು ದಾಟಿದೆ, ಮದುವೆಯಾಗಿಲ್ಲ. ಹೆಣ್ಣು ನೋಡಲು ಹೋದಾಗ ನೀರಿನ ಟ್ಯಾಂಕರ್ ಇದೆ ಎಂದು ಹೇಳಿದನಂತೆ. ಎರಡು ಸಲ ಆ ಮಾತು ನಿಂತಿತು, ಎರಡು ಸಲವೂ ಆಮೇಲೆ ಗೊತ್ತಾಯಿತು. ಯಂತ್ರ ಬಂದರೆ ಜಾತಿ ಹೋಗುತ್ತದೆ ಎಂದು ನಂಬುವವರು ಅವನ ಟ್ರ್ಯಾಕ್ಟರಿನ ಪಕ್ಕದಲ್ಲಿ ಒಂದು ಮಧ್ಯಾಹ್ನ ನಿಂತು ನೋಡಬೇಕು. ಗುಂಡಿ ಖಾಲಿ ಮಾಡಿಸಿಕೊಂಡ ಮನೆಯವರು ದುಡ್ಡನ್ನು ಕಲ್ಲಿನ ಮೇಲೆ ಇಟ್ಟು ಹಿಂದೆ ಸರಿಯುತ್ತಾರೆ.

ವಿಚಿತ್ರವೆಂದರೆ, ಇಷ್ಟು ಹೇಸುವ ಈ ವಸ್ತುವಿನ ಬೆಲೆ ಏನೆಂದು ಕಂಡುಹಿಡಿಯುವ ಕೆಲಸ ನಮ್ಮ ಬೆಂಗಳೂರಿನಲ್ಲೇ ನಡೆದಿದೆ. ಮ್ಯಾಂಚೆಸ್ಟರಿನಲ್ಲಿ ಕೊಳಚೆ ನೀರನ್ನು ಸೂಕ್ಷ್ಮಾಣುಗಳಿಂದ ಶುದ್ಧಗೊಳಿಸುವ ವಿಧಾನ ರೂಪುಗೊಂಡಾಗ ಅದರ ಹಿಂದಿದ್ದ ಗಿಲ್ಬರ್ಟ್ ಫೌಲರ್ 1916ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ನಮ್ಮವರು 'ಟಾಟಾ ಇನ್‌ಸ್ಟಿಟ್ಯೂಟ್' ಎನ್ನುವ ಅದೇ ಸಂಸ್ಥೆಯಲ್ಲಿ 1939ರ ಸುಮಾರಿಗೆ ಸಿ.ಎನ್. ಆಚಾರ್ಯ ಎಂಬ ವಿಜ್ಞಾನಿ, ಊರಿನ ಕಸವನ್ನೂ ಮಲವನ್ನೂ ಕಂದಕಗಳಲ್ಲಿ ಪದರ ಪದರವಾಗಿ ಹಾಕಿ, ಮೇಲೆ ಮಣ್ಣು ಮುಚ್ಚಿ, ಆರೆಂಟು ತಿಂಗಳಲ್ಲಿ ಗೊಬ್ಬರ ಮಾಡುವ ಕ್ರಮವನ್ನು ರೂಪಿಸಿದರು. ಕೃಷಿ ಪುಸ್ತಕಗಳಲ್ಲಿ ಇದು ಇಂದಿಗೂ 'ಬೆಂಗಳೂರು ಪದ್ಧತಿ' ಎಂದೇ ಪ್ರಸಿದ್ಧ. ಚೀನಾದಲ್ಲಿ ಈ ವಿದ್ಯೆ ಇನ್ನೂ ಹಳೆಯದು. ಅಮೆರಿಕದ ಕೃಷಿ ವಿಜ್ಞಾನಿ ಎಫ್.ಎಚ್. ಕಿಂಗ್ 1911ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ, ಶಾಂಘೈ ನಗರದಲ್ಲಿ ವಿದೇಶಿಯರ ಆಡಳಿತವಿದ್ದ ಭಾಗದ ಮಲವನ್ನು ಒಂದು ವರ್ಷ ಸಂಗ್ರಹಿಸಿ ಒಯ್ಯುವ ಹಕ್ಕಿಗಾಗಿ ಗುತ್ತಿಗೆದಾರನೊಬ್ಬ 31,000 ಡಾಲರ್ ಕೊಟ್ಟದ್ದನ್ನು ದಾಖಲಿಸಿದ್ದಾನೆ. ನಾವು ಒಯ್ಯುವವನಿಗೆ ಕೊಡುತ್ತೇವೆ. ಅಲ್ಲಿ ಒಯ್ಯುವವನೇ ಕೊಟ್ಟ.

ಹಾಗೆಂದು ಹಸಿ ಕೆಸರನ್ನು ನೇರವಾಗಿ ಬೆಳೆಗೆ ಹಾಕುವುದು ಸರಿಯಲ್ಲ. ಬೆಂಗಳೂರಿನ ಸುತ್ತಮುತ್ತ ರೈತರು ಸಕ್ಕಿಂಗ್ ಗಾಡಿಯವರನ್ನು ಕರೆದು ಬಾಳೆಯ ತೋಟಕ್ಕೆ ಹಾಕಿಸಿಕೊಳ್ಳುತ್ತಾರೆ. ನಮ್ಮಲ್ಲೂ ಗುಟ್ಟಾಗಿ ನಡೆಯುತ್ತದೆ. ರಸಗೊಬ್ಬರದ ಖರ್ಚು ಉಳಿಯುವುದು ನಿಜ. ತೊಂದರೆಯಿರುವುದು ಜಂತುಹುಳುಗಳ ಮೊಟ್ಟೆಗಳಲ್ಲಿ. ಬ್ಯಾಕ್ಟೀರಿಯಾ ಬಿಸಿಲಿಗೆ ಬೇಗ ಸಾಯುತ್ತವೆ. ದುಂಡುಹುಳುವಿನ ಮೊಟ್ಟೆ ಗಟ್ಟಿ ಕವಚ ಹೊದ್ದು ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಕೊಕ್ಕೆಹುಳುವಿನ ಮರಿ ಬರಿಗಾಲಿನ ಚರ್ಮ ಕೊರೆದು ಒಳಹೋಗುತ್ತದೆ. 2015ರಿಂದ ಶಾಲೆಗಳಲ್ಲಿ ಜಂತುಹುಳು ನಿವಾರಣಾ ದಿನವೆಂದು ಅಲ್ಬೆಂಡಜೋಲ್ ಮಾತ್ರೆ ಹಂಚುತ್ತೇವೆ. ನಿವೃತ್ತಿಯಾಗುವ 2019ರವರೆಗೂ ನಾನೇ ನಿಂತು ಮಕ್ಕಳಿಗೆ ಅದನ್ನು ಅಗಿಸಿದ್ದೇನೆ. ಮಾತ್ರೆ ಹೊಟ್ಟೆಯ ಹುಳುವನ್ನು ಕೊಲ್ಲುತ್ತದೆ. ಮಗು ಸಂಜೆ ಅದೇ ಗದ್ದೆಯ ಬದುವಿನ ಮೇಲೆ ಬರಿಗಾಲಿನಲ್ಲಿ ನಡೆದುಹೋಗುತ್ತದೆ.

ಉತ್ತರ ಇಲ್ಲವೆಂದೆನಲ್ಲ, ಅದು ದೇವನಹಳ್ಳಿಯಲ್ಲಿದೆ. ಟಿಪ್ಪು ಹುಟ್ಟಿದ ಊರು ಅದು, ಮಡಿದ ಊರು ನಮ್ಮದು. ಈ ನಂಟಿನ ನೆಪ ಹೇಳಿಕೊಂಡು 2022ರಲ್ಲಿ ಬೆಂಗಳೂರಿನ ಮಗಳ ಮನೆಗೆ ಹೋದಾಗ ಅಳಿಯನನ್ನು ಕರೆದುಕೊಂಡು ಹೋಗಿ ನೋಡಿಬಂದೆ. ಕೋಟೆ ನೋಡಲು ಹೋಗುತ್ತಿದ್ದೇವೆ ಎಂದುಕೊಂಡಿದ್ದ ಅಳಿಯ ಪಾಪ, ಏನೂ ಅನ್ನಲಿಲ್ಲ. 2011ರ ಜನಗಣತಿಯಂತೆ ಸುಮಾರು 28 ಸಾವಿರ ಜನಸಂಖ್ಯೆಯ ಆ ಊರಿನಲ್ಲಿ ಒಳಚರಂಡಿ ಇರಲಿಲ್ಲ. ಎಲ್ಲ ಮನೆಗೂ ನಮ್ಮಂತೆಯೇ ಗುಂಡಿ. ಬೆಂಗಳೂರಿನ ಸಿ.ಡಿ.ಡಿ. ಸಂಸ್ಥೆಯವರು ಪುರಸಭೆಯ ಜೊತೆಗೂಡಿ 2015ರ ನವೆಂಬರ್‌ನಲ್ಲಿ ಅಲ್ಲಿ ಮಲತ್ಯಾಜ್ಯ ಸಂಸ್ಕರಣಾ ಘಟಕವನ್ನು ಆರಂಭಿಸಿದರು. ಒಂದು ಇಡೀ ಪಟ್ಟಣಕ್ಕಾಗಿ ಕಟ್ಟಿದ ಇಂಥ ಘಟಕ ದೇಶದಲ್ಲೇ ಮೊದಲನೆಯದು. ದಿನಕ್ಕೆ 6,000 ಲೀಟರ್ ಅದರ ಸಾಮರ್ಥ್ಯ, ಎಂದರೆ ನನ್ನ ವಿದ್ಯಾರ್ಥಿಯ ಎರಡು ಲೋಡು.

ಅಲ್ಲಿಯ ಕ್ರಮ ನೋಡಿದರೆ ಹಳೆಯ ಕಾಲದ ಆಲೆಮನೆ ನೆನಪಾಗುತ್ತದೆ. ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ತಾನಾಗಿ ಇಳಿಯುತ್ತ ಹೋಗುವ ವ್ಯವಸ್ಥೆ. ಇಳಿಜಾರಿನ ಬಲವೇ ಸಾಕು. ಗಾಡಿ ಬಂದು ಸುರಿದ ಕೂಡಲೇ ಜರಡಿಯಲ್ಲಿ ಬಟ್ಟೆ, ಪ್ಲಾಸ್ಟಿಕ್ಕು ನಿಲ್ಲುತ್ತವೆ. ಜನ ಕಕ್ಕಸಿಗೆ ಏನೇನು ಹಾಕುತ್ತಾರೆ ಎಂಬುದನ್ನು ಬರೆಯಲಾರೆ. ಮುಂದೆ ಗಾಳಿಯಾಡದ ತೊಟ್ಟಿಗಳಲ್ಲಿ ಕೆಸರು ತಳಕ್ಕೆ ಕೂತು ಕಳಿಯುತ್ತದೆ, ಅನಿಲ ಮೇಲೇರುತ್ತದೆ. ಹದವಾಗಿ ಕಳಿತ ಕೆಸರನ್ನು ಮರಳು, ಜಲ್ಲಿ ಹಾಸಿದ ಮಡಿಗಳ ಮೇಲೆ ಹರಡಿ ಒಣಗಿಸುತ್ತಾರೆ. ಬೇರ್ಪಟ್ಟ ನೀರು ಮತ್ತೆ ಕೆಲವು ತೊಟ್ಟಿಗಳನ್ನು ಹಾದು ಕಲ್ಲುಬಾಳೆಯ ಜಾತಿಯ ಗಿಡಗಳನ್ನು ನೆಟ್ಟ ಜಲ್ಲಿಯ ಹಾಸಿನಲ್ಲಿ ಸೋಸಿ ಹೊರಬರುತ್ತದೆ. ಒಣಗಿದ ಕೆಸರನ್ನು ಊರಿನ ಹಸಿಕಸದೊಂದಿಗೆ ರಾಶಿ ಹಾಕಿ ಕಾಂಪೋಸ್ಟ್ ಮಾಡುತ್ತಾರೆ. ರಾಶಿಯೊಳಗೆ ಕಾವು 55, 60 ಡಿಗ್ರಿ ದಾಟಿ ಹಲವು ದಿನ ನಿಲ್ಲುವುದರಿಂದ ದುಂಡುಹುಳುವಿನ ಮೊಟ್ಟೆಯೂ ಉಳಿಯುವುದಿಲ್ಲ. ನಾನು ಹೋದ ದಿನ ಒಣಗುವ ಮಡಿಯ ಪಕ್ಕದಲ್ಲೇ ನಿಂತಿದ್ದೆ, ಮೂಗು ಮುಚ್ಚಿಕೊಳ್ಳಬೇಕೆನಿಸಲಿಲ್ಲ. ಮಂಡ್ಯದ ಸಕ್ಕರೆ ಕಾರ್ಖಾನೆಯ ಪಕ್ಕದ ರಸ್ತೆಯಲ್ಲಿ ಓಡಾಡಿದವನಿಗೆ ಇದೇನು ಮಹಾ!

ಊರಿಗೆ ಬಂದವನೇ ಇದನ್ನು ಹೇಳುತ್ತ ತಿರುಗಿದೆ. 2024ರಲ್ಲಿ ನಮ್ಮ ಕಡೆಯ ಗ್ರಾಮಸಭೆಯೊಂದರಲ್ಲಿ, ನಾಲ್ಕಾರು ಊರುಗಳು ಸೇರಿ ಒಣಗಿಸುವ ಮಡಿಗಳನ್ನಾದರೂ ಮಾಡಿಕೊಳ್ಳೋಣ, ಸರ್ಕಾರಿ ಜಾಗ ಗುರುತಿಸೋಣ ಎಂಬ ಮಾತು ಬಂತು. 2020ರಲ್ಲಿ ಆರಂಭವಾದ ಸ್ವಚ್ಛ ಭಾರತದ ಎರಡನೆಯ ಹಂತದಲ್ಲಿ ಇದಕ್ಕೆ ಅವಕಾಶವಿತ್ತು. ಜಾಗದ ಮಾತು ಬಂದೊಡನೆ ಸಭೆ ಎದ್ದು ನಿಂತಿತು. "ದೇವರ ಬೆಟ್ಟ ಕಾಣೋ ಜಾಗದಲ್ಲಿ ಹೇಲು ಹುಯ್ಯಾಕಾಯ್ತದಾ?" ಎಂದರು ಒಬ್ಬರು. ತಮ್ಮ ಊರಿನದಾದರೆ ಸರಿ, ಪಕ್ಕದ ಊರಿನದು ಬರಕೂಡದು ಎಂದರು ಇನ್ನೊಬ್ಬರು. ಹೇಲಿನಲ್ಲೂ ನಮ್ಮೂರು, ನಿಮ್ಮೂರು! ನಾನು ದೇವನಹಳ್ಳಿಯ ವಿಷಯ ಹೇಳಲು ಹೋದೆ; ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ.

ಆಗ ಹಿಂದೆ ಕುಳಿತಿದ್ದ ನಾಟಿ ಕೆಲಸದ ಹೆಂಗಸೊಬ್ಬಳು ಎದ್ದಳು. "ಈಗ ಎಲ್ಗ್ ಹೋಯ್ತಾ ಅದೆ ಅಂತ ಯಾರಾದ್ರೂ ಕೇಳಿದ್ದೀರಾ? ರಾತ್ರಿ ಹೊತ್ತು ಗಾಡೀಲಿ ತಂದು ಹಳ್ಳಕ್ಕೆ ಬುಡ್ತಾರೆ, ಬೆಳಿಗ್ಗೆ ಅದೇ ನೀರು ಗದ್ದೆಗೆ ಬತ್ತದೆ. ನೀವು ಬದುವಿನ ಮ್ಯಾಲೆ ನಿಂತ್ಕತ್ತೀರಿ, ಒಳಿಕ್ಕೆ ಇಳಿಯೋರು ನಾವು. ನೋಡಿ," ಎಂದು ಸೀರೆಯನ್ನು ಮೊಣಕಾಲಿನ ತನಕ ಎತ್ತಿ ಕೆರೆದು ಗಾಯವಾದ ಕಾಲನ್ನು ತೋರಿಸಿದಳು. ಸಭೆ ಸದ್ದಿಲ್ಲದೆ ಕುಳಿತಿತು. ಜಾಗ ಬೇಡವೆಂದವರಲ್ಲಿ ಒಬ್ಬರು ತಲೆ ತಗ್ಗಿಸಿ ಹೊರಗೆ ಹೋದರು. ಅವಳು ನಾಟಿ ಮಾಡಿದ್ದು ಅವರ ಗದ್ದೆಯಲ್ಲೇ ಎಂದು ಆಮೇಲೆ ತಿಳಿಯಿತು.

ನಿರ್ಣಯ ಆಯಿತು. ಜಾಗ ಇನ್ನೂ ಆಗಿಲ್ಲ. ಕಂದಾಯ ಇಲಾಖೆಯ ಅಳತೆ, ಪಕ್ಕದ ಪಂಚಾಯಿತಿಯ ಒಪ್ಪಿಗೆ, ಹಣದ ಮಂಜೂರಾತಿ ಎಂದು ಕಡತ ನಡೆಯುತ್ತಿದೆ. ನಾನು ತಿಂಗಳಿಗೊಮ್ಮೆ ಹೋಗಿ ಕೇಳಿಬರುತ್ತೇನೆ. ನಿವೃತ್ತ ಮೇಷ್ಟ್ರಿಗೆ ಕುರ್ಚಿ ಕೊಡುತ್ತಾರೆ, ಕಾಫಿ ಕೊಡುತ್ತಾರೆ. ಅಲ್ಲಿಯವರೆಗೆ ಒಂದು ತಾತ್ಕಾಲಿಕ ಉಪಾಯವೆಂದು, ಪಾಂಡವಪುರದಾಚೆ ನೀರು ಬಹಳ ಆಳದಲ್ಲಿರುವ ಖುಷ್ಕಿ ಜಮೀನಿನ ರೈತರೊಬ್ಬರನ್ನು ಹುಡುಗನಿಗೆ ಗೊತ್ತು ಮಾಡಿಸಿಕೊಟ್ಟೆ. ತೆಂಗಿನ ಸಾಲುಗಳ ನಡುವೆ ಕಂದಕ ತೋಡಿ, ಕೆಸರು ಸುರಿದು, ಅಂದೇ ಒಂದೂವರೆ ಅಡಿ ಮಣ್ಣು ಮುಚ್ಚುವುದು. ದಕ್ಷಿಣ ಆಫ್ರಿಕಾದ ಡರ್ಬನ್ ನಗರದಲ್ಲಿ ಹೀಗೆ ಕಂದಕದಲ್ಲಿ ಹೂತು ಮೇಲೆ ಮರ ಬೆಳೆಸಿ ನೋಡಿದ್ದಾರೆ. ಹತ್ತಿರದಲ್ಲಿ ಬಾವಿ, ಹಳ್ಳ ಇರಕೂಡದು; ಸೊಪ್ಪು ತರಕಾರಿ ಬೆಳೆಯಕೂಡದು; ಮಳೆಗಾಲದಲ್ಲಿ ಮಾಡಕೂಡದು. ಈ ಮೂರನ್ನೂ ಅವನಿಂದ ಬಾಯಿಪಾಠ ಹೇಳಿಸಿಕೊಂಡೆ. ಈ ಸಲ ಕಿಟಕಿಯ ಹೊರಗೆ ನೋಡಲಿಲ್ಲ. ಡೀಸೆಲ್ ಖರ್ಚು ಹೆಚ್ಚಾದ್ದರಿಂದ ಲೋಡಿಗೆ ಮುನ್ನೂರು ರೂಪಾಯಿ ಜಾಸ್ತಿ ಕೇಳುತ್ತಿದ್ದಾನೆ. ಕೊಡಲು ಹಿಂದೆಮುಂದೆ ನೋಡುವವರೇ ಹೆಚ್ಚು. ಮಳೆಗಾಲದಲ್ಲಿ ಏನು ಮಾಡುತ್ತಾನೆಂದು ನಾನು ಕೇಳಿದರೆ ಅವನು ಮಾತು ಬದಲಾಯಿಸುತ್ತಾನೆ.

ನಿಮ್ಮಲ್ಲಿ ಕೆಲವರು ಊರಿನಲ್ಲಿ ಮನೆ ಕಟ್ಟಿಸುತ್ತಿದ್ದೀರೆಂದು ಕೇಳಿದ್ದೇನೆ. ಜೋಡಿ ಗುಂಡಿಯ ನಕ್ಷೆಯನ್ನು ಅಳತೆ ಸಹಿತ ನಾನೇ ಬರೆದಿಟ್ಟಿದ್ದೇನೆ, ನಾಲೆಯ ಬಯಲಿಗೊಂದು, ನಾಗಮಂಗಲ ಕಡೆಯ ಕಲ್ಲುನೆಲಕ್ಕೊಂದು. ನಾಲೆಯ ಬಯಲಿನದು ನೆಲದಿಂದ ಎರಡಡಿ ಎತ್ತರಿಸಿ ಕಟ್ಟುವಂಥದ್ದು, ಕಕ್ಕಸಿಗೆ ನಾಲ್ಕು ಮೆಟ್ಟಿಲು ಹತ್ತಬೇಕು. ವಯಸ್ಸಾದವರಿರುವ ಮನೆಗೆ ಕಷ್ಟ ಎನ್ನುವುದು ಗೊತ್ತು. ಅದಕ್ಕೆ ಪಕ್ಕದಲ್ಲಿ ಹಿಡಿಕೆ ಹಾಕಿಸುವುದನ್ನೂ ಗುರುತು ಮಾಡಿದ್ದೇನೆ. ಗಾರೆಯವರಿಗೆ ಮುಂಗಡ ಕೊಡುವ ಮೊದಲು ಒಂದು ಫೋನ್ ಮಾಡಿ.